ಆಸ್ಪತ್ರೆಯ ಹಾಸಿಗೆಯಲ್ಲಿ ರೋಗಿ ಸೊರಗದಂತೆ ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ತಟ್ಟೆಗಳನ್ನು ಹಿಂದಕ್ಕೆ ಒಯ್ಯುವ ಗಾಡಿಯನ್ನು ಒಮ್ಮೆ ಗಮನಿಸಿ. ಅರ್ಧ ಉಳಿದ ಅನ್ನ, ಕೈಯಿಡದ ಪಲ್ಯ, ಮುಚ್ಚಳ ತೆಗೆಯದ ಮೊಸರಿನ ಬಟ್ಟಲು. ಅದೇ ರೋಗಿಯ ಜ್ವರ, ರಕ್ತದೊತ್ತಡ, ಮೂತ್ರದ ಪ್ರಮಾಣ ಎಲ್ಲವೂ ಕೇಸ್ ಶೀಟಿನಲ್ಲಿ ಗಂಟೆಗಂಟೆಗೂ ದಾಖಲಾಗಿರುತ್ತವೆ. ಹೊಟ್ಟೆಗೆ ಎಷ್ಟು ಹೋಯಿತು ಎಂಬುದು ಮಾತ್ರ ಬಹುಪಾಲು ಕಡೆ ಎಲ್ಲೂ ಬರೆದಿರುವುದಿಲ್ಲ. ಊಟ ಕೊಟ್ಟಾಯಿತು ಎಂಬಲ್ಲಿಗೆ ಲೆಕ್ಕ ಮುಗಿಯುತ್ತದೆ.

ಆಸ್ಪತ್ರೆಗೆ ದಾಖಲಾಗುವ ವಯಸ್ಕರಲ್ಲಿ ಶೇ 20ರಿಂದ 50ರಷ್ಟು ಮಂದಿಗೆ ಅಪೌಷ್ಟಿಕತೆ ಅಥವಾ ಅದರ ಅಪಾಯ ಇರುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಅಪೌಷ್ಟಿಕತೆ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಸೋಂಕು ಸುಲಭವಾಗಿ ತಗಲುತ್ತದೆ, ಸ್ನಾಯು ಕರಗಿ ಕೆಮ್ಮಿ ಕಫ ಹೊರಹಾಕುವ ಬಲವೂ ಇಲ್ಲವಾಗುತ್ತದೆ. ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ಅಪೌಷ್ಟಿಕತೆಯ ಅಪಾಯದಲ್ಲಿದ್ದ ಸುಮಾರು 2,000 ರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಮುಖ್ಯ. ಒಂದು ಗುಂಪಿಗೆ ಎಂದಿನ ಆಸ್ಪತ್ರೆ ಊಟ, ಇನ್ನೊಂದಕ್ಕೆ ಒಬ್ಬೊಬ್ಬರ ಅಗತ್ಯವನ್ನೂ ಲೆಕ್ಕ ಹಾಕಿ ಕೊಟ್ಟ ಆಹಾರ. 30 ದಿನಗಳೊಳಗಿನ ಸಾವು ಮೊದಲ ಗುಂಪಿನಲ್ಲಿ ಶೇ 10ರಷ್ಟಿದ್ದರೆ ಎರಡನೆಯದರಲ್ಲಿ ಶೇ 7ರಷ್ಟಿತ್ತು. ಇಷ್ಟು ಫಲ ಕೊಡುವ ಒಂದು ಮಾತ್ರೆ ಇದ್ದಿದ್ದರೆ ಅದನ್ನು ಕೊಡಲು ಯಾರೂ ಮರೆಯುತ್ತಿರಲಿಲ್ಲ.

ಈ ಲೇಖನ ರೋಗಿಯ ಜೊತೆಗಿರುವ ಮನೆಯವರಿಗೂ ವಾರ್ಡಿನಲ್ಲಿ ಕೆಲಸ ಮಾಡುವವರಿಗೂ. ಇಬ್ಬರೂ ಕೈಜೋಡಿಸದಿದ್ದರೆ ಇದು ಆಗುವ ಕೆಲಸವಲ್ಲ.

ದಾಖಲಾದ ದಿನವೇ ತೂಕ

ಮೊದಲ 24 ಗಂಟೆಯೊಳಗೆ ರೋಗಿಯ ತೂಕ ನೋಡಿಸಿ, ಅಂಕಿಯನ್ನು ಕೇಸ್ ಶೀಟಿನಲ್ಲಿ ಬರೆಸಿ, ನಿಮ್ಮ ಮೊಬೈಲ್‌ನಲ್ಲೂ ಬರೆದುಕೊಳ್ಳಿ. ‘ಅಂದಾಜು 60’ ಎಂದು ಬಾಯಿಮಾತಿನಲ್ಲಿ ಹೇಳಿದ ತೂಕ ಸಾಲದು. ಔಷಧದ ಪ್ರಮಾಣ ಲೆಕ್ಕ ಹಾಕುವುದಕ್ಕೂ ಅದೇ ತೂಕ ಬೇಕಾಗುವುದರಿಂದ ಕೇಳಲು ಹಿಂಜರಿಯಬೇಡಿ.

ನಂತರ ಎರಡು ಪ್ರಶ್ನೆ. ಪ್ರಯತ್ನಪಡದೆಯೇ ಇತ್ತೀಚೆಗೆ ತೂಕ ಇಳಿದಿದೆಯೇ? ಹಸಿವಿಲ್ಲದೆ ಊಟ ಕಡಿಮೆಯಾಗಿದೆಯೇ? ಹಿಂದಿನ ತೂಕ ಗೊತ್ತಿಲ್ಲದಿದ್ದರೆ ಬಟ್ಟೆಬರೆಯನ್ನು ವಿಚಾರಿಸಿ. ಬಳೆ ಜಾರುತ್ತಿದೆಯೇ, ಉಂಗುರ ಸಡಿಲವಾಗಿದೆಯೇ, ರವಿಕೆಯ ತೋಳು ಅಗಲವಾಗಿದೆಯೇ, ಬೆಲ್ಟಿಗೆ ಹೊಸ ತೂತು ಹಾಕಿಸಿದ್ದಾರೆಯೇ? ಹಳೆಯ ಡಿಸ್ಚಾರ್ಜ್ ಸಮರಿಯಲ್ಲಿ ಹಿಂದಿನ ತೂಕ ಸಿಕ್ಕರಂತೂ ಬಹಳ ಒಳ್ಳೆಯದು.

ವಾರ್ಡಿನವರು ಬಳಸಬಹುದಾದ ಅಳತೆಗೋಲುಗಳಲ್ಲಿ ಸರಳವಾದದ್ದು ಬ್ರಿಟನ್ನಿನಲ್ಲಿ ರೂಪುಗೊಂಡ ‘ಮಸ್ಟ್’. ಇದರಲ್ಲಿ ಮೂರು ಅಂಶಗಳನ್ನು ನೋಡಿ ಅಂಕ ಕೊಡುತ್ತಾರೆ. ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ) 20ಕ್ಕಿಂತ ಹೆಚ್ಚಿದ್ದರೆ ಸೊನ್ನೆ, 18.5ರಿಂದ 20ರವರೆಗೆ 1, ಅದಕ್ಕೂ ಕಡಿಮೆಯಾದರೆ 2. ಕಳೆದ ಮೂರರಿಂದ ಆರು ತಿಂಗಳಲ್ಲಿ ಇಳಿದ ತೂಕ ಶೇ 5ಕ್ಕಿಂತ ಕಡಿಮೆಯಾದರೆ ಸೊನ್ನೆ, ಶೇ 5ರಿಂದ 10ರವರೆಗೆ 1, ಶೇ 10 ಮೀರಿದರೆ 2. ತೀವ್ರ ಕಾಯಿಲೆಯಿಂದ ಐದು ದಿನಕ್ಕಿಂತ ಹೆಚ್ಚು ಕಾಲ ಏನೂ ತಿಂದಿಲ್ಲದಿದ್ದರೆ, ಅಥವಾ ತಿನ್ನುವ ಸಂಭವವಿಲ್ಲದಿದ್ದರೆ, ಇನ್ನೂ 2. ಒಟ್ಟು 2 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು.

ಒಂದು ಉದಾಹರಣೆ. ಎತ್ತರ 165 ಸೆಂ.ಮೀ., ಆರು ತಿಂಗಳ ಹಿಂದೆ 62 ಕೆ.ಜಿ., ಈಗ 54. ಬಿಎಂಐ 19.8, ಅಂದರೆ 1 ಅಂಕ. ನೋಡಿದವರು ‘ಸಣ್ಣ ಮೈಕಟ್ಟು’ ಎಂದು ಸುಮ್ಮನಾಗುತ್ತಾರೆ. ಆದರೆ ಇಳಿದ 8 ಕೆ.ಜಿ. ಎಂದರೆ ಹಳೆಯ ತೂಕದ ಶೇ 13ರಷ್ಟು. ಅದಕ್ಕೆ 2 ಅಂಕ. ಒಟ್ಟು 3. ದಪ್ಪಗಿರುವವರ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಬೇಕು. 85 ಕೆ.ಜಿ. ಇದ್ದವರು 74ಕ್ಕೆ ಇಳಿದು ಬಂದರೆ ಯಾರೂ ಅವರನ್ನು ಅಪೌಷ್ಟಿಕ ಎಂದು ಕರೆಯುವುದಿಲ್ಲ. ಕರಗಿದ್ದು ಮಾತ್ರ ಸ್ನಾಯುವೇ ಆಗಿರಬಹುದು.

ಎದ್ದು ನಿಲ್ಲಲಾಗದ ರೋಗಿಗೆ ಟೇಪ್ ಸಾಕು. ಭುಜ ಮತ್ತು ಮೊಣಕೈ ನಡುವಿನ ಮಧ್ಯಭಾಗದಲ್ಲಿ ತೋಳಿನ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬಿಎಂಐ 20ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು. ಕಾಲು ಊದಿದವರಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ತಕ್ಕಡಿ ಮೋಸ ಮಾಡುತ್ತದೆ. ಅಲ್ಲಿ ತೋಳಿನ ಅಳತೆಯನ್ನೇ ನಂಬಬೇಕು. ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕಡಿಮೆ ಬಂದರೆ ಅದನ್ನೇ ಅಪೌಷ್ಟಿಕತೆ ಎಂದುಕೊಳ್ಳುವ ಅಭ್ಯಾಸ ಇನ್ನೂ ಇದೆ. ಸೋಂಕು, ಉರಿಯೂತಗಳಿಂದಲೂ ಆಲ್ಬುಮಿನ್ ಇಳಿಯುತ್ತದೆ. ಆದ್ದರಿಂದ ಅದು ಸಹಜವಾಗಿದೆ ಎಂದು ನಿಶ್ಚಿಂತರಾಗುವುದೂ ತಪ್ಪು, ಇಳಿದಿದೆ ಎಂದು ಅದೊಂದರಿಂದಲೇ ತೀರ್ಮಾನಿಸುವುದೂ ತಪ್ಪು.

ರೌಂಡ್ಸ್ ವೇಳೆ ಕೇಳಬೇಕಾದದ್ದು

‘ಡಾಕ್ಟರೇ, ಸರಿಯಾಗಿ ಊಟ ಮಾಡುತ್ತಿಲ್ಲ’ ಎಂದರೆ ‘ಸ್ವಲ್ಪ ಸ್ವಲ್ಪ ಕೊಡಿ’ ಎಂಬ ಉತ್ತರ ಬರುತ್ತದೆ. ಅಂಕಿ ಇಟ್ಟು ಮಾತನಾಡಿ: ‘ಆರು ತಿಂಗಳಲ್ಲಿ ಎಂಟು ಕೆ.ಜಿ. ಇಳಿದಿದ್ದಾರೆ, ನಾಲ್ಕು ದಿನದಿಂದ ಅರ್ಧ ಊಟವೂ ಹೋಗುತ್ತಿಲ್ಲ. ಡಯಟಿಷಿಯನ್‌ಗೆ ತೋರಿಸಬಹುದೇ?’ ಈ ಮಾತಿಗೆ ಕೇಸ್ ಶೀಟಿನಲ್ಲಿ ಒಂದು ಸಾಲಾದರೂ ಬೀಳುತ್ತದೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ರೋಗಿಯ ಪೋಷಣೆಯ ತಪಾಸಣೆ ಆರಂಭದ ಪರೀಕ್ಷೆಯ ಭಾಗವೇ ಆಗಿದೆ. ಹಾಗಾಗಿ ಇದನ್ನು ಕೇಳುವುದು ಅಧಿಕಪ್ರಸಂಗವೆಂದು ಭಾವಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಡಯಟಿಷಿಯನ್ ಹಲವು ವಾರ್ಡುಗಳನ್ನು ನೋಡಬೇಕಾಗಿರಬಹುದು. ಅವರು ಯಾವ ದಿನ, ಯಾವ ಹೊತ್ತಿಗೆ ಬರುತ್ತಾರೆಂದು ಸಿಸ್ಟರ್ ಬಳಿ ಕೇಳಿಟ್ಟುಕೊಳ್ಳಿ.

ಎಷ್ಟು ಬೇಕು?

ಹಾಸಿಗೆ ಹಿಡಿದ ವಯಸ್ಕ ರೋಗಿಗೆ ಸಾಮಾನ್ಯವಾಗಿ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 54 ಕೆ.ಜಿ.ಯವರಿಗೆ ಸುಮಾರು 1,350ರಿಂದ 1,600 ಕ್ಯಾಲೊರಿ, 65ರಿಂದ 80 ಗ್ರಾಂ ಪ್ರೋಟೀನ್.

ಈಗ ನಾವು ರೋಗಿಗೆ ಪ್ರೀತಿಯಿಂದ ಕೊಡುವುದನ್ನು ಲೆಕ್ಕ ಹಾಕೋಣ. ಎರಡು ಚಮಚ ಅಕ್ಕಿಯಿಂದ ಮಾಡಿದ ಒಂದು ಲೋಟ ತೆಳ್ಳನೆಯ ಗಂಜಿಯಲ್ಲಿ 70ರಿಂದ 90 ಕ್ಯಾಲೊರಿ, 2 ಗ್ರಾಂಗಿಂತ ಕಡಿಮೆ ಪ್ರೋಟೀನ್. ಎಳನೀರಿನಲ್ಲಿ 50 ಕ್ಯಾಲೊರಿಯ ಆಸುಪಾಸು, ಪ್ರೋಟೀನ್ ಹೆಚ್ಚುಕಡಿಮೆ ಇಲ್ಲ. ತಿಳಿಸಾರು, ಬೇಳೆಕಟ್ಟಿನಲ್ಲಿ ರುಚಿ ಇದೆ, ಬೇಳೆ ಇಲ್ಲ. ‘ಗ್ಲೂಕೋಸ್ ಹಾಕಿದ್ದಾರಲ್ಲ, ಶಕ್ತಿ ಬರುತ್ತದೆ’ ಎನ್ನುವವರಿಗೆ: ಶೇ 5ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, 100ಕ್ಕೂ ಮೀರದ ಕ್ಯಾಲೊರಿ. ಸಲೈನ್ ಬಾಟಲಿಯಲ್ಲಿ ಅದೂ ಇಲ್ಲ. ಗಂಜಿ, ಎಳನೀರು, ಡ್ರಿಪ್ ಈ ಮೂರರಲ್ಲೇ ಒಂದು ವಾರ ಕಳೆದ ರೋಗಿ ಒಂದು ವಾರ ಉಪವಾಸವಿದ್ದಂತೆಯೇ.

ಗಂಜಿಯನ್ನೇ ಕೊಡಬೇಕಾದರೆ ಅದನ್ನು ಗಟ್ಟಿಗೊಳಿಸಿ. ಮೊಳಕೆ ಬರಿಸಿದ ರಾಗಿಯ ಹಿಟ್ಟು ಬಳಸಿದರೆ ಗಂಜಿ ಗಂಟುಕಟ್ಟಿದಂತೆ ದಪ್ಪವಾಗುವುದಿಲ್ಲ, ಹಾಗಾಗಿ ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ನೀರಿನ ಬದಲು ಹಾಲಿನಲ್ಲಿ ಕುದಿಸಿ. ಕೆನೆ ತೆಗೆದ ಹಾಲಿನ ಪುಡಿಯ ಒಂದು ದೊಡ್ಡ ಚಮಚ ಬೆರೆಸಿದರೆ 5 ಗ್ರಾಂ ಪ್ರೋಟೀನ್ ಸೇರುತ್ತದೆ. ಒಂದು ಚಮಚ ತುಪ್ಪಕ್ಕೆ 45 ಕ್ಯಾಲೊರಿಯಷ್ಟು. ದುಬಾರಿ ಪ್ರೋಟೀನ್ ಪುಡಿಯ ಡಬ್ಬಿ ವೈದ್ಯರು ಬರೆದುಕೊಟ್ಟಿದ್ದರೆ ಸರಿ. ಆದರೆ ಸಾಲ ಮಾಡಿ ಡಬ್ಬಿ ತಂದು ಮೊಟ್ಟೆ, ಹಾಲು ನಿಲ್ಲಿಸಬೇಕಾದ ಪರಿಸ್ಥಿತಿ ಯಾವ ಮನೆಗೂ ಬರಬಾರದು.

ವಾರ್ಡಿನಲ್ಲಿ ಫ್ರಿಜ್ ಇರುವುದಿಲ್ಲ. ನಂದಿನಿಯ ಗುಡ್‌ಲೈಫ್ ಹಾಲಿನಂಥ, ಹೊರಗಿಟ್ಟರೂ ಕೆಡದ ಪೊಟ್ಟಣಗಳನ್ನು ಇಟ್ಟುಕೊಳ್ಳಿ. ಒಮ್ಮೆ ಕತ್ತರಿಸಿದ ಮೇಲೆ ಮಾತ್ರ ಆಗಲೇ ಮುಗಿಸಬೇಕು.

ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಏಳಕ್ಕೆ ಹಾಲಿನ ಪುಡಿ ಬೆರೆಸಿದ ಒಂದು ಲೋಟ ಹಾಲು. ತಿಂಡಿಗೆ ಮೂರು ಇಡ್ಲಿ, ಗಟ್ಟಿ ಸಾಂಬಾರ್, ಒಂದು ಬೇಯಿಸಿದ ಮೊಟ್ಟೆ. ಹನ್ನೊಂದಕ್ಕೆ ಹಾಲಿನಲ್ಲಿ ಕಲಸಿದ ಹುರಿಹಿಟ್ಟು. ಮಧ್ಯಾಹ್ನ ಮೆತ್ತಗಿನ ಅನ್ನ, ಗಟ್ಟಿಯಾದ ಹೆಸರುಬೇಳೆ ತೊವ್ವೆ, ಒಂದು ಬಟ್ಟಲು ಮೊಸರು. ನಾಲ್ಕಕ್ಕೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿ. ಹಲ್ಲಿಲ್ಲದವರಿಗೆ ಕಡಲೆಬೀಜದ ಪುಡಿ ಬೆರೆಸಿದ ಬಾಳೆಹಣ್ಣು. ರಾತ್ರಿ ಪೊಂಗಲ್, ಜೊತೆಗೆ ಇನ್ನೊಂದು ಮೊಟ್ಟೆ ಅಥವಾ 50 ಗ್ರಾಂ ಪನೀರ್. ಮಲಗುವ ಮೊದಲು ಮತ್ತೆ ಹಾಲು. ಒಟ್ಟು 75 ಗ್ರಾಂ ಪ್ರೋಟೀನಿನ ಆಸುಪಾಸು ಆಗುತ್ತದೆ. ಆಸ್ಪತ್ರೆಯ ರಾತ್ರಿ ಊಟ ಏಳಕ್ಕೇ ಮುಗಿದರೆ ಮರುದಿನದ ತಿಂಡಿಯವರೆಗೆ ಹದಿಮೂರು ಗಂಟೆ ಹೊಟ್ಟೆ ಖಾಲಿ. ಆದ್ದರಿಂದ ಆ ಕೊನೆಯ ಲೋಟ ಹಾಲನ್ನು ತಪ್ಪಿಸಬೇಡಿ.

ಪಥ್ಯದ ಹೆಸರಿನಲ್ಲಿ ಆಗುವ ಹಾನಿ

ಆಪರೇಷನ್ ಆದವರಿಗೆ ಮೊಟ್ಟೆ, ಮೀನು, ಬದನೆಕಾಯಿ ಕೊಟ್ಟರೆ ನಂಜಾಗುತ್ತದೆ, ಕೆಮ್ಮಿದ್ದವರಿಗೆ ಮೊಸರು, ಬಾಳೆಹಣ್ಣು ಶೀತ, ಜ್ವರಕ್ಕೆ ಬ್ರೆಡ್ ಮಾತ್ರ. ಹಿರಿಯರು ಕಾಳಜಿಯಿಂದಲೇ ಹೇಳುವ ಮಾತುಗಳಿವು. ಆದರೆ ಒಂದೊಂದನ್ನೇ ತೆಗೆಯುತ್ತಾ ಹೋದರೆ ತಟ್ಟೆಯಲ್ಲಿ ಅನ್ನ ಮತ್ತು ಸಾರು ಮಾತ್ರ ಉಳಿಯುತ್ತವೆ. ಹೊಲಿಗೆ ಕೂಡಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಅಜ್ಜಿಯನ್ನು ಎದುರು ಹಾಕಿಕೊಳ್ಳುವ ಬದಲು ಡಾಕ್ಟರ ಬಾಯಿಂದಲೇ ಅವರೆದುರು ‘ಮೊಟ್ಟೆ ಕೊಡಿ’ ಎಂದು ಹೇಳಿಸಿ. ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲವಾದರೆ ಹಾಲು, ಮೊಸರು, ಪನೀರ್, ಬೇಳೆ, ಸೋಯಾ, ಹುರಿಗಡಲೆ ಇವೆ. ಒಂದನ್ನು ಬಿಟ್ಟರೆ ಅದರ ಜಾಗಕ್ಕೆ ಇನ್ನೊಂದು ಬರಬೇಕು ಅಷ್ಟೇ.

ಕಾಯಿಲೆಗೆ ತಕ್ಕ ನಿರ್ಬಂಧಗಳಲ್ಲೂ ಹಳೆಯ ನಂಬಿಕೆಗಳು ಉಳಿದುಕೊಂಡಿವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ‘ಕಿಡ್ನಿಗೆ ಬೇಳೆ ಆಗುವುದಿಲ್ಲ’ ಎಂದು ಎಲ್ಲ ಪ್ರೋಟೀನನ್ನೂ ಬಿಟ್ಟಿರುತ್ತಾರೆ. ಪ್ರೋಟೀನ್ ಮಿತಿಗೊಳಿಸುವ ಸಲಹೆ ಇರುವುದು ಡಯಾಲಿಸಿಸ್ ಶುರುವಾಗುವ ಮುಂಚಿನ ಹಂತಕ್ಕೆ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ನಷ್ಟವಾಗುವುದರಿಂದ ಆಮೇಲೆ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಬೇಕಾಗುತ್ತದೆ. ಇವರು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಪೊಟ್ಯಾಷಿಯಂ ಬಗ್ಗೆ: ಎಳನೀರು, ಹಣ್ಣಿನ ರಸ, ಬಾಳೆಹಣ್ಣು. ರೋಗಿ ನೋಡಲು ಬಂದವರು ಕೈಯಲ್ಲಿ ಹಿಡಿದು ತರುವುದೂ ಇವನ್ನೇ! ಲಿವರ್ ಸಿರೋಸಿಸ್ ಇರುವವರಿಗೂ ಪ್ರೋಟೀನ್ ಕಡಿತ ಈಗಿನ ಪದ್ಧತಿಯಲ್ಲ. ಅವರಿಗೆ 1.2ರಿಂದ 1.5 ಗ್ರಾಂ ಬೇಕು, ರಾತ್ರಿ ಮಲಗುವ ಮುನ್ನ ತಿಂಡಿ ತೀರಾ ಅಗತ್ಯ. ಸಕ್ಕರೆ ಕಾಯಿಲೆಯವರು ಒಂದು ಚಪಾತಿಗೆ ಇಳಿದು ಸೊರಗುವುದಕ್ಕಿಂತ ಹೊಟ್ಟೆ ತುಂಬ ಉಂಡು ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಳ್ಳುವುದು ಮೇಲು. ಪ್ರಮಾಣ ಎಷ್ಟೆಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಏನನ್ನಾದರೂ ಬಿಡಲು ಹೇಳಿದಾಗ ‘ಎಷ್ಟು ದಿನ? ಅದರ ಬದಲು ಏನು ಕೊಡಲಿ?’ ಎಂದು ಎರಡು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

‘ಏನೂ ಕೊಡಬೇಡಿ’ ಎಂದಾಗ

ಅರಿವಳಿಕೆಗೆ ಮುಂಚೆ ಗಟ್ಟಿ ಆಹಾರ ಆರು ಗಂಟೆ, ನೀರಿನಂಥ ತಿಳಿ ದ್ರವ ಎರಡು ಗಂಟೆ ನಿಲ್ಲಿಸುವುದು ಸಾಮಾನ್ಯ ಮಾರ್ಗಸೂಚಿ. ಎಣ್ಣೆ ಪದಾರ್ಥ ತಿಂದಿದ್ದರೆ ಇನ್ನೂ ಹೆಚ್ಚು ಹೊತ್ತು. ರೂಢಿಯಲ್ಲಿ ಮಾತ್ರ ‘ರಾತ್ರಿ ಹತ್ತರ ಮೇಲೆ ಏನೂ ಬೇಡ’ ಎಂದುಬಿಡುತ್ತಾರೆ. ಆಪರೇಷನ್ ಮಧ್ಯಾಹ್ನ ಎರಡಕ್ಕೆ ಹೋಗುತ್ತದೆ, ಕೆಲವೊಮ್ಮೆ ಸರದಿ ಬಾರದೆ ನಾಳೆಗೆ ಮುಂದೂಡಲ್ಪಡುತ್ತದೆ. ಸ್ಕ್ಯಾನ್, ಎಂಡೋಸ್ಕೋಪಿಗಳಿಗೂ ಇದೇ ಕಥೆ. ಎಷ್ಟು ಗಂಟೆಗೆ ನಿಗದಿಯಾಗಿದೆ, ನೀರು ಯಾವಾಗಿನವರೆಗೆ ಕೊಡಬಹುದು, ಇವತ್ತು ಆಗದಿದ್ದರೆ ಊಟ ಯಾವಾಗ ಎಂದು ಡ್ಯೂಟಿ ಡಾಕ್ಟರನ್ನು ಕೇಳಿ. ನೀವಾಗಿಯೇ ನಿರ್ಧರಿಸಿ ಒಂದು ತುತ್ತೂ ಕೊಡಬೇಡಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮುಂದೂಡಿದ ಸುದ್ದಿ ಬಂದ ಕ್ಷಣ ಊಟ ತರಿಸುವುದು ವಾರ್ಡಿನ ಸಿಸ್ಟರ್ ಜವಾಬ್ದಾರಿ ಎಂದು ಬರೆದಿಟ್ಟರೆ ಎಷ್ಟೋ ಅನಗತ್ಯ ಉಪವಾಸಗಳು ತಪ್ಪುತ್ತವೆ.

ತಟ್ಟೆಯನ್ನು ನೋಡಿ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಮಾಡುವುದಿದ್ದರೆ ಇದನ್ನು ಮಾಡಿ. ಒಂದು ಹಾಳೆಯಲ್ಲಿ ದಿನ, ಹೊತ್ತು ಬರೆದು, ಪ್ರತಿ ಊಟದ ನಂತರ ‘ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಇಲ್ಲ’ ಇವುಗಳಲ್ಲಿ ಒಂದನ್ನು ಗುರುತಿಸಿ. ಮನೆಯವರೇ ಬರೆಯಬಹುದು. ಹಾಳೆ ಹಾಸಿಗೆಯ ಬಳಿಯೇ ತೂಗಲಿ, ರೌಂಡ್ಸ್‌ಗೆ ಬಂದ ಡಾಕ್ಟರ ಕಣ್ಣಿಗೆ ಬೀಳುವಂತಿರಲಿ. ಎರಡು ಮೂರು ದಿನ ಸತತವಾಗಿ ಅರ್ಧಕ್ಕಿಂತ ಕಡಿಮೆ ಎಂದಿದ್ದರೆ ಅದು ಜ್ವರ ಏರಿದಷ್ಟೇ ಗಂಭೀರ ಸುದ್ದಿ.

ಆಮೇಲೆ ಕಾರಣ ಹುಡುಕಿ. ಬಹಳಷ್ಟು ಸಲ ಅದು ಸಣ್ಣದು, ಸರಿಪಡಿಸಬಲ್ಲದ್ದು. ಡ್ರಿಪ್ ಸೂಜಿ ಬಲಗೈಗೆ ಹಾಕಿದ್ದಾರೆ. ಕೈಯಲ್ಲಿ ಕಲಸಿ ಉಣ್ಣುವ ನಮ್ಮವರು ಎಡಗೈಯಲ್ಲಿ ಉಣ್ಣಲಾಗದೆ, ಚಮಚ ಹಿಡಿಯಲು ಬಾರದೆ, ‘ಸಾಕು’ ಎಂದುಬಿಡುತ್ತಾರೆ. ಸೂಜಿ ಬದಲಿಸುವಾಗ ಎಡಗೈಗೆ ಹಾಕುವಂತೆ ಸಿಸ್ಟರ್‌ಗೆ ಹೇಳಿ. ಹಲ್ಲಿನ ಸೆಟ್ ಮನೆಯಲ್ಲೇ ಉಳಿದಿರುತ್ತದೆ. ನಾಲಿಗೆಯ ಮೇಲೆ ಬೆಳ್ಳಗೆ ಹುಣ್ಣಾಗಿರುತ್ತದೆ, ಅದಕ್ಕೆ ಔಷಧವಿದೆ. ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲದೆ ಹಸಿವು ಸತ್ತಿರುತ್ತದೆ. ವಾಕರಿಕೆಯ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ಬದಲು ಊಟವಾದ ಮೇಲೆ ಕೊಡುತ್ತಿರುತ್ತಾರೆ. ತಟ್ಟೆ ಕೈಗೆಟುಕದ ಮೇಜಿನ ಮೇಲಿರುತ್ತದೆ, ಪಕ್ಕದಲ್ಲೇ ಮೂತ್ರದ ಪಾತ್ರೆ. ಪಾರ್ಶ್ವವಾಯು ಆದವರು ನುಂಗುವಾಗ ಕೆಮ್ಮಿದರೆ ಅದನ್ನು ಹಸಿವಿಲ್ಲದಿರುವಿಕೆ ಎಂದು ತಿಳಿಯಬೇಡಿ. ಕೂಡಲೇ ನಿಲ್ಲಿಸಿ, ನುಂಗುವ ಪರೀಕ್ಷೆ ಮಾಡಿಸಿ.

ವಾರ್ಡಿನವರಲ್ಲಿ ಒಂದು ಕೋರಿಕೆ. ಊಟದ ಆ ಒಂದು ಗಂಟೆಯಲ್ಲಿ ತುರ್ತಲ್ಲದ ರಕ್ತಪರೀಕ್ಷೆ, ಎಕ್ಸ್‌ರೇ, ಡ್ರೆಸಿಂಗ್, ರೌಂಡ್ಸ್ ಬೇಡ. ತಾನೇ ಉಣ್ಣಲಾರದ ರೋಗಿಗಳ ಹಾಸಿಗೆಗೆ ಒಂದು ಕೆಂಪು ಗುರುತು ಹಾಕಿ, ಬಡಿಸುವವರಿಗೂ ಆಯಾಗೂ ಅದರ ಅರ್ಥ ತಿಳಿಸಿ. ಕೆಲವು ದೇಶಗಳಲ್ಲಿ ಇದಕ್ಕಾಗಿ ಕೆಂಪು ತಟ್ಟೆಯನ್ನೇ ಬಳಸುತ್ತಾರೆ. ವಾರಕ್ಕೊಂದು ದಿನವನ್ನು ತೂಕದ ದಿನವಾಗಿ ಗೊತ್ತುಮಾಡಿ.

ಜೊತೆಗಿರುವವರ ಊಟ

ರಾಯಚೂರಿನಿಂದ, ಚಾಮರಾಜನಗರದಿಂದ ವಿಕ್ಟೋರಿಯಾಕ್ಕೋ ಕಿದ್ವಾಯಿಗೋ ಬಂದವರು ದಿನಗಟ್ಟಲೆ ವರಾಂಡದಲ್ಲಿ ಮಲಗುತ್ತಾರೆ. ಆಸ್ಪತ್ರೆ ಕೊಡುವುದು ರೋಗಿಗೆ ಮಾತ್ರ ಊಟ. ಕೈಯಲ್ಲಿ ಹಣವಿಲ್ಲದಾಗ ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ಣುತ್ತಾರೆ. ಗಂಡನಿಗೆ ಮೊದಲು ಕೊಟ್ಟು ಉಳಿದದ್ದರಲ್ಲಿ ಹೆಂಡತಿ ತೃಪ್ತಿಪಡುತ್ತಾಳೆ, ರೋಗಿ ಅವಳೇ ಆಗಿದ್ದರೂ! ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸಿಸ್ಟರ್ ಮೆಲ್ಲಗೆ ಕೇಳಬೇಕು. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನುಗಳಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರ ನಿಗದಿಯಾಗಿತ್ತು. ಹತ್ತಿರದ ಕ್ಯಾಂಟೀನಿಗೆ ದಾರಿ, ಅನ್ನದಾನ ನಡೆಯುವ ಜಾಗ ಮತ್ತು ಹೊತ್ತು, ಇಷ್ಟನ್ನು ವಾರ್ಡಿನ ಗೋಡೆಗೆ ಕನ್ನಡದಲ್ಲಿ ಬರೆದು ಅಂಟಿಸಿದರೆ ರೋಗಿಯ ತಟ್ಟೆ ರೋಗಿಗೇ ಉಳಿಯುತ್ತದೆ.

ಬಹಳ ದಿನ ಉಪವಾಸವಿದ್ದವರಿಗೆ ನಿಧಾನ

ಹತ್ತು ದಿನಕ್ಕಿಂತ ಹೆಚ್ಚು ಏನೂ ತಿನ್ನದವರು, ಬಿಎಂಐ 16ಕ್ಕಿಂತ ಕೆಳಗಿರುವವರು, ಕುಡಿತದಿಂದ ಸೊರಗಿ ತೂಕ ಇಳಿದವರು ಇವರಿಗೆ ಒಮ್ಮೆಲೇ ಹೊಟ್ಟೆ ತುಂಬಿಸಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ದಿಢೀರ್ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಮೊದಲು ಥಯಾಮಿನ್ (ವಿಟಮಿನ್ ಬಿ1), ನಂತರ ದಿನಕ್ಕೆ ಪ್ರತಿ ಕೆ.ಜಿ.ಗೆ 10 ಕ್ಯಾಲೊರಿಯಷ್ಟರಿಂದ ಆರಂಭಿಸಿ, ರಕ್ತಪರೀಕ್ಷೆ ಮಾಡುತ್ತಾ ನಾಲ್ಕರಿಂದ ಏಳು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸುತ್ತಾರೆ. ಇದು ವೈದ್ಯರ ಕೆಲಸ. ಮನೆಯವರು ಮಾಡಬೇಕಾದದ್ದು ಎಷ್ಟು ದಿನದಿಂದ ಊಟವಿಲ್ಲ ಎಂಬುದನ್ನು ಮುಚ್ಚಿಡದೆ ಹೇಳುವುದು.

ಮೂಗಿನ ನಳಿಕೆ ಹಾಕಬೇಕು ಎಂದರೆ ‘ಕೈಬಿಟ್ಟರು’ ಎಂದು ಗಾಬರಿಯಾಗಬೇಡಿ, ಬಾಯಿಯಿಂದ ಸಾಲದಾದಾಗ ಅದು ಊಟದ ಇನ್ನೊಂದು ದಾರಿ. ಕೊಡುವಾಗಲೂ ಕೊಟ್ಟ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಕೈ ತೊಳೆದೇ ಮುಟ್ಟಿ, ಸೋಸಿದ್ದನ್ನೇ ಕೊಡಿ, ಕೊನೆಯಲ್ಲಿ ಶುದ್ಧ ನೀರು ಹಾಯಿಸಿ. ನಳಿಕೆ ಸ್ವಲ್ಪ ಹೊರಬಂದಂತೆ ಕಂಡರೂ ಸಿಸ್ಟರ್ ನೋಡುವವರೆಗೆ ಏನನ್ನೂ ಹಾಕಬೇಡಿ.

ಮನೆಗೆ ಹೊರಡುವಾಗ

ಡಿಸ್ಚಾರ್ಜ್ ಸಮರಿಯಲ್ಲಿ ಮಾತ್ರೆಗಳ ಪಟ್ಟಿಯ ಕೊನೆಗೆ ‘ಸಾಮಾನ್ಯ ಆಹಾರ’ ಎಂದಿದ್ದರೆ ಒಪ್ಪಿಕೊಳ್ಳಬೇಡಿ. ಹೊರಡುವ ದಿನದ ತೂಕ, ದಿನಕ್ಕೆ ಎಷ್ಟು ಪ್ರೋಟೀನ್, ಯಾವ ನಿರ್ಬಂಧ ಎಷ್ಟು ದಿನ, ಇಷ್ಟನ್ನು ಬರೆಸಿ. ಮನೆಯಲ್ಲಿ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ತೂಕ ನೋಡಿ. ಎರಡು ವಾರ ಸತತ ಇಳಿದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಹೋಗಿ ತೋರಿಸಿ.

ಕ್ಷಯ ರೋಗಿಗಳ ಮಟ್ಟಿಗೆ ಇದು ಇನ್ನೂ ದೊಡ್ಡ ಮಾತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇ 60ರಷ್ಟು ಕಡಿಮೆಯಿತ್ತು. ಅಧ್ಯಯನದ ಭಾಗವಾಗಿ ಮನೆಯವರಿಗೂ ಆಹಾರದ ಪಡಿತರ ಕೊಟ್ಟ ಕಡೆ ಇತರ ಸದಸ್ಯರಿಗೆ ಕ್ಷಯ ಬರುವುದೂ ಶೇ 39ರಷ್ಟು ಇಳಿಯಿತು. ಕ್ಷಯ ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 500 ರೂಪಾಯಿ ಇದ್ದ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಬ್ಯಾಂಕ್ ಖಾತೆಯ ವಿವರ ನೋಂದಾಯಿಸಿದ್ದಾರೆಯೇ ಎಂದು ಆಸ್ಪತ್ರೆ ಬಿಡುವ ಮುನ್ನವೇ ಕ್ಷಯ ವಿಭಾಗದಲ್ಲಿ ವಿಚಾರಿಸಿ.

ಮನೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರ ತೋಳನ್ನೂ ಅಳತೆ ಮಾಡಿಸಿ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಕಂಡರೆ ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿಕೊಡುತ್ತಾರೆ.